ಹಿಡಿಯುವ ಕೈ, ಹೆಕ್ಕುವ ಬೆರಳು
17 ನವೆಂಬರ್ 2024, ಭಾನುವಾರ

1968ರಲ್ಲಿ ಲಾರೆನ್ಸ್ ಮತ್ತು ಕೈಪರ್ಸ್ ಎಂಬ ವಿಜ್ಞಾನಿಗಳು ಮಂಗಗಳ ಮೇಲೆ ಮಾಡಿದ ಪ್ರಯೋಗದ ಬಗ್ಗೆ ಓದಿದೆ. ಇಡೀ ದಿನ ಅದೇ ತಲೆಯಲ್ಲಿದೆ.

ಮೆದುಳಿನ ಹೊರಪದರದಿಂದ ಬೆನ್ನುಹುರಿಗೆ ಇಳಿಯುವ ನರಗಳ ದೊಡ್ಡ ಕಟ್ಟೊಂದಿದೆ. ರೀಸಸ್ ಮಂಗಗಳಲ್ಲಿ ಅದನ್ನು ಎರಡೂ ಬದಿ ಕತ್ತರಿಸಿದರು. (ಓದುವಾಗ ಹೊಟ್ಟೆ ತೊಳಸಿತು.) ಆದರೂ ಆ ಮಂಗಗಳು ಚೇತರಿಸಿಕೊಂಡು ಓಡಾಡಿದವು, ಪಂಜರದ ಸರಳು ಹಿಡಿದು ಹತ್ತಿದವು. ಸಣ್ಣ ಗುಳಿಯಲ್ಲಿಟ್ಟ ತಿಂಡಿಯನ್ನು ಎರಡು ಬೆರಳಲ್ಲಿ ಹೆಕ್ಕುವುದು ಮಾತ್ರ ಮತ್ತೆ ಬರಲೇ ಇಲ್ಲ. ಬೆರಳೆಲ್ಲ ಒಟ್ಟಿಗೇ ಮಡಚಿಕೊಳ್ಳುತ್ತಿದ್ದವು. ಇನ್ನೂ ವಿಚಿತ್ರ ಅಂದರೆ, ಕೈಗೆ ಬಂದ ತಿಂಡಿಯನ್ನು ಬಿಡೋಕೆ ಒದ್ದಾಡುತ್ತಿದ್ದವು. ಹತ್ತುವಾಗ ಅದೇ ಕೈ ಸರಳನ್ನು ಸಲೀಸಾಗಿ ಬಿಡುತ್ತಿತ್ತು! ಕೈ ಅದೇ, ಸ್ನಾಯು ಅವೇ. ಹತ್ತೋದಕ್ಕೆ ಮೆದುಳಿನ ಬುಡದಿಂದ ಬರುವ ಹಳೇ ದಾರಿಗಳು ಸಾಕು, ಹೆಕ್ಕೋದಕ್ಕೆ ಸಾಲದು.

ಇನ್ನು ಮೆದುಳಿನೊಳಗೆ ಯಾರು ಯಾರಿಗೆ ಹೇಳುತ್ತಾರೆ? ಸಾಹೇಬರು ಯೋಚಿಸಿ, ಗುಮಾಸ್ತ ಆರ್ಡರ್ ಬರೆದು, ಜವಾನ ಒಯ್ದ ಹಾಗೆ ಅಂತ ನಾನು ತಿಳಿದಿದ್ದೆ. ಹೊರಪದರದಲ್ಲಿ ಮುಂಬದಿಯ ಪ್ರೀಮೋಟರ್ ಭಾಗಗಳು ಚಲನೆಯ ಯೋಜನೆ ಹಾಕುತ್ತವೆ, ಅವುಗಳ ಹಿಂದಿರುವ ಮುಖ್ಯ ಮೋಟರ್ ಭಾಗ (ಮುಂದೆ ಬರೀ ‘ಮುಖ್ಯ ಭಾಗ’) ಅಪ್ಪಣೆ ಕೊಡುತ್ತದೆ ಅಂತ. ಅಷ್ಟು ಸರಳ ಅಲ್ಲ. ಪ್ರೀಮೋಟರ್ ಭಾಗಗಳಿಂದಲೂ ನರಗಳು ನೇರ ಬೆನ್ನುಹುರಿಗೆ ಇಳಿಯುತ್ತವೆ ಅಂತ ಡಮ್ ಮತ್ತು ಸ್ಟ್ರಿಕ್ 1991ರಲ್ಲಿ ಬರೆದರು. ತೋಳಿಗೆ ಸೇರಿದವನ್ನಷ್ಟೇ ಎಣಿಸಿದರೆ, ಪ್ರೀಮೋಟರ್ ಭಾಗಗಳಲ್ಲಿ ಅಂಥ ನರಕೋಶಗಳು ಎಲ್ಲ ಸೇರಿ ಮುಖ್ಯ ಭಾಗದಲ್ಲಿ ಇರುವಷ್ಟೇ, ಇಲ್ಲವೇ ಜಾಸ್ತಿ. ಜೊತೆಗೆ ಈ ಭಾಗಗಳು ತಮ್ಮತಮ್ಮಲ್ಲೂ ಹೆಣೆದುಕೊಂಡಿವೆ. ವಸ್ತುವನ್ನು ನೋಡಿ ಬೆರಳುಗಳಿಗೆ ತಕ್ಕ ಆಕಾರ ಕೊಡುವ ಕೆಳ ಪ್ರೀಮೋಟರ್ ಭಾಗವಂತೂ ಬಹುಪಾಲು ಮುಖ್ಯ ಭಾಗದ ಮೂಲಕವೇ ಕೈಯನ್ನು ಮುಟ್ಟುತ್ತದೆ.

2009ರ ಕೆಲಸ ನನಗೆ ಎಲ್ಲಕ್ಕಿಂತ ಹಿಡಿಸಿತು. ರಾಟೆಲೋ ಮತ್ತು ಸ್ಟ್ರಿಕ್ ಬಳಸಿದ್ದು ರೇಬೀಸ್ ವೈರಸ್, ಹುಚ್ಚುನಾಯಿಯದೇ! ಸ್ನಾಯುವಿಗೆ ಚುಚ್ಚಿದರೆ ಅದು ನರಕೋಶದಿಂದ ನರಕೋಶಕ್ಕೆ ದಾಟುತ್ತಾ ಮೇಲಕ್ಕೆ ಹತ್ತುತ್ತದೆ. ಸರಿಯಾದ ಹೊತ್ತಿಗೆ ನಿಲ್ಲಿಸಿ ನೋಡಿದರೆ, ಸ್ನಾಯು ನಡೆಸುವ ಬೆನ್ನುಹುರಿಯ ಕೋಶವನ್ನು ಮಧ್ಯವರ್ತಿ ಇಲ್ಲದೆ ಮುಟ್ಟುವ ಮೆದುಳಿನ ಕೋಶಗಳು ಯಾವುವು ಅಂತ ಗೊತ್ತಾಗುತ್ತದೆ. ಅವು ಹೆಚ್ಚಾಗಿ ಇದ್ದದ್ದು ಮುಖ್ಯ ಭಾಗದ ಹಿಂಬದಿಯಲ್ಲಿ, ಮೆದುಳಿನ ಮೇಲ್ಮೈ ಒಳಕ್ಕೆ ಮಡಚಿಕೊಂಡ ಕಡೆ. ಮುಂಬದಿಯ ಕೋಶಗಳು ಬೆನ್ನುಹುರಿಯ ಮಧ್ಯವರ್ತಿ ಕೋಶಗಳನ್ನೇ ನಂಬಿಕೊಂಡಿವೆ.

ಬೆಕ್ಕಿಗೆ ಮಧ್ಯವರ್ತಿ ಇಲ್ಲದ ಈ ನೇರ ದಾರಿಯೇ ಇಲ್ಲ. ಮಂಗಗಳಲ್ಲೂ ಎಲ್ಲಕ್ಕೂ ಒಂದೇ ಥರ ಅಲ್ಲ. ದಕ್ಷಿಣ ಅಮೆರಿಕದ ಕ್ಯಾಪುಚಿನ್ ಮಂಗದಲ್ಲಿ ಅದು ದಟ್ಟವಾಗಿದೆ, ಅದೇ ಸೀಮೆಯ ಸ್ಕ್ವಿರಲ್ ಮಂಕಿಯಲ್ಲಿ ತೀರಾ ವಿರಳ. ಮೊದಲನೆಯದು ಬೆರಳತುದಿಯಲ್ಲಿ ಹೆಕ್ಕುತ್ತದೆ, ಎರಡನೆಯದು ಇಡೀ ಅಂಗೈಯಲ್ಲಿ ಬಾಚಿಕೊಳ್ಳುತ್ತದೆ.