ಚೆನ್‌ಜಿಯಾಗೌನ ಅಂಗಳದಲ್ಲಿ ಒಂದು ದಿನ

ತೈಜಿಚುವಾನ್ ಎಂದರೆ ನಮ್ಮಲ್ಲಿ ಬಹುಮಂದಿಯ ಕಣ್ಣಮುಂದೆ ಬರುವುದು, ಉದ್ಯಾನದಲ್ಲಿ ಹಿರಿಯರು ಬೆಳಗಿನ ಹೊತ್ತು ನಿಧಾನವಾಗಿ ಕೈಯಾಡಿಸುವ ಚಿತ್ರ. ‘ತಾಯ್ ಚಿ’ ಎಂಬ ಹೆಸರಿನಲ್ಲಿ ಲೋಕಪ್ರಸಿದ್ಧವಾಗಿರುವ ಆ ವ್ಯಾಯಾಮ ಮೂಲತಃ ಕಾದಾಟದ ವಿದ್ಯೆ. ಅದರ ತವರೂರೆಂದು ಚೀನಾದಲ್ಲಿ ಮನ್ನಣೆ ಪಡೆದಿರುವುದು ಹೆನಾನ್ ಪ್ರಾಂತ್ಯದ ವೆನ್ ಕೌಂಟಿಗೆ ಸೇರಿದ, ಹಳದಿ ನದಿಯ ಉತ್ತರಕ್ಕಿರುವ ಚೆನ್‌ಜಿಯಾಗೌ ಎಂಬ ಹಳ್ಳಿ. ಮಿಂಗ್ ಅರಸೊತ್ತಿಗೆ ಮುಗಿದು ಚಿಂಗ್ ಆಳ್ವಿಕೆ ನೆಲೆಯೂರುತ್ತಿದ್ದ ಹದಿನೇಳನೆಯ ಶತಮಾನದಲ್ಲಿ ಈ ಊರಿನ ಚೆನ್ ವಾಂಗ್‌ಟಿಂಗ್ ಎಂಬ ಯೋಧ ಈ ವಿದ್ಯೆಗೆ ರೂಪ ಕೊಟ್ಟನೆಂದು ಚೆನ್ ಮನೆತನದವರು ನಂಬುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದೇ ಮನೆತನದ ಚೆನ್ ಚಾಂಗ್‌ಶಿಂಗ್ ಹೊರಗಿನವನಾದ ಯಾಂಗ್ ಲುಚಾನ್ ಎಂಬಾತನಿಗೆ ಅದನ್ನು ಕಲಿಸಿದ. ಯಾಂಗ್ ಅದನ್ನು ಬೀಜಿಂಗ್‌ಗೆ ಒಯ್ದ. ಇಂದು ಉದ್ಯಾನಗಳಲ್ಲಿ ಕಾಣುವ ನಿಧಾನಗತಿಯ ಅಭ್ಯಾಸ ಬಹುಪಾಲು ಆ ಯಾಂಗ್ ಪರಂಪರೆಯಿಂದ ಬಂದದ್ದು.

ಕೆಲಸದ ನಿಮಿತ್ತ ಶಾಂಘೈಯಲ್ಲಿ ನೆಲೆಸಿರುವ ನಾನು ಅಲ್ಲಿಯ ಗೆಳೆಯರ ಬಳಗದಲ್ಲಿ ಚೆನ್ ಶೈಲಿಯ ಮೊದಲ ವರಸೆಯನ್ನು ಕಲಿತಿದ್ದೆ. ಎಪ್ಪತ್ತಕ್ಕೂ ಹೆಚ್ಚು ಭಂಗಿಗಳಿರುವ ಆ ವರಸೆಯ ಚಲನೆಗಳು ನೆನಪಿನಲ್ಲಿ ಕೂತಿದ್ದವು. ಆದರೆ ಆ ಚಲನೆಗಳ ಒಳಗೆ ಏನು ನಡೆಯಬೇಕು, ಬಲ ಎಲ್ಲಿ ಹುಟ್ಟಿ ಯಾವ ದಾರಿಯಲ್ಲಿ ಕೈಗೆ ಬರಬೇಕು ಎಂಬುದನ್ನು ಹತ್ತಿರದಿಂದ ನೋಡಬೇಕೆಂಬ ಆಸೆಯಿಂದ ಅಕ್ಟೋಬರ್ ರಜೆಯಲ್ಲಿ ಝೆಂಗ್‌ಝೌವರೆಗೆ ರೈಲಿನಲ್ಲಿ ಬಂದು, ಹಳದಿ ನದಿಯ ಸೇತುವೆ ದಾಟಿ ಚೆನ್‌ಜಿಯಾಗೌ ತಲುಪಿದೆ. ಮೆಕ್ಕೆಜೋಳದ ಸುಗ್ಗಿ ಮುಗಿದಿತ್ತು. ರಸ್ತೆಯ ಅಂಚಿನಲ್ಲೂ ಮನೆಗಳ ಮಾಳಿಗೆಯ ಮೇಲೂ ಕಾಳು ಹರವಿದ್ದರು. ನನಗೆ ಕಲಿಸಿದ ಗುರುಗಳು ಅರವತ್ತು ದಾಟಿದವರು. ಅವರ ಮನೆಯ ಹಿಂದಿನ, ಇಟ್ಟಿಗೆ ಹಾಸಿದ ಅಂಗಳವೇ ತರಗತಿ. ಅಲ್ಲಿ ಕಳೆದ ದಿನಗಳಲ್ಲಿ ಒಂದು ದಿನವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಈ ವಿದ್ಯೆಯ ತಳಪಾಯ ಏನೆಂಬುದು ಅಂದು ನನ್ನ ಮೈಗೇ ಗೊತ್ತಾಯಿತು.

ಬೆಳಗಿನ ಮೊದಲ ಪಾಠ ನಿಲ್ಲುವುದು. ಝಾನ್ ಝುವಾಂಗ್ ಎಂದು ಕರೆಯುವ ಈ ಅಭ್ಯಾಸದಲ್ಲಿ ಪಾದಗಳ ನಡುವೆ ಭುಜದಷ್ಟು ಅಗಲ ಬಿಟ್ಟು, ಮಂಡಿಯನ್ನು ತುಸು ಮಡಿಸಿ, ಎದೆಯ ಮಟ್ಟದಲ್ಲಿ ಎರಡೂ ತೋಳುಗಳನ್ನು ದುಂಡಗೆ ಹಿಡಿದು ಅಲುಗದೆ ನಿಲ್ಲಬೇಕು. ತೈಜಿಯಲ್ಲಿ ಮಾತ್ರವಲ್ಲ, ಅದರ ಸೋದರ ವಿದ್ಯೆಗಳೆಂದು ಎಣಿಸುವ ಶಿಂಗ್‌ಯಿ ಮತ್ತು ಬಾಗುವಾಗಳಲ್ಲೂ ಶರೀರವನ್ನು ಹದಗೊಳಿಸುವ ಇಂಥ ಮೂಲಾಭ್ಯಾಸಗಳಿವೆ. ಶಿಂಗ್‌ಯಿ ಕಲಿಯುವವರು ಒಂದು ಪಾದ ಮುಂದಿಟ್ಟು ‘ಸಾನ್‌ತಿ’ ಎಂಬ ನಿಲುವಿನಲ್ಲಿ ನಿಲ್ಲುತ್ತಾರೆ, ಬಾಗುವಾದವರು ವೃತ್ತದ ಸುತ್ತ ನಡೆಯುತ್ತಾರೆ. ಇಪ್ಪತ್ತನೆಯ ಶತಮಾನದಲ್ಲಿ ವಾಂಗ್ ಶಿಯಾಂಗ್‌ಝಾಯ್ ಎಂಬ ಶಿಂಗ್‌ಯಿ ಗುರು, ಮೊದಲೇ ಕಟ್ಟಿಟ್ಟ ವರಸೆಗಳನ್ನೆಲ್ಲ ಬದಿಗಿಟ್ಟು, ನಿಲ್ಲುವ ಅಭ್ಯಾಸವನ್ನೇ ತನ್ನ ಪದ್ಧತಿಯ ನಡುಗಂಬವಾಗಿಸಿಕೊಂಡ.

ನಿಂತ ಕೆಲವೇ ನಿಮಿಷಗಳಲ್ಲಿ ತೊಡೆಯ ಮುಂಭಾಗ ಉರಿಯತೊಡಗುತ್ತದೆ. ಗುರುಗಳು ಒಬ್ಬೊಬ್ಬರ ಬಳಿಗೂ ಬಂದು ಕೈಯಿಂದಲೇ ತಿದ್ದುತ್ತಿದ್ದರು, ಮಾತು ಕಡಿಮೆ. ನನ್ನ ನೆತ್ತಿಯನ್ನು ಒಂದು ಬೆರಳಿನಿಂದ ಮುಟ್ಟಿ ಗದ್ದವನ್ನು ಸ್ವಲ್ಪ ಒಳಕ್ಕೆ ಸರಿಸಿದರು. ಎದೆಯ ನಡುಮೂಳೆಯ ಮೇಲೆ ಅಂಗೈಯಿಟ್ಟು ಅದು ಮೆತ್ತಗಾಗುವ ತನಕ ಕಾದರು. ಆಗ ಬೆನ್ನಿನ ಮೇಲ್ಭಾಗ ತಾನಾಗಿ ಅಗಲವಾಯಿತು. ಮೊಣಕೈಗಳನ್ನು ಕೆಳಕ್ಕೆ ತೂಗಿದಂತೆ ಬಿಡಿಸಿದರು, ಅದರೊಂದಿಗೆ ಭುಜವೂ ಇಳಿಯಿತು. ಕೊನೆಗೆ ಅಂಗೈಯ ಅಂಚನ್ನು ನನ್ನ ತೊಡೆಸಂದಿನ ಮಡಿಕೆಯಲ್ಲಿಟ್ಟು ಒತ್ತಿ, “ಹಿಂದೆ ಎತ್ತರದ ಸ್ಟೂಲ್ ಇದೆಯೆಂದುಕೊಂಡು ಅದರ ಅಂಚಿಗೆ ಕೂರಿ” ಎಂದರು. ಕೂರುತ್ತಿದ್ದಂತೆಯೇ ಸೊಂಟದ ಹಿಂಭಾಗದ ಒಳಬಾಗು ಸಡಿಲಗೊಂಡು ತುಂಬಿಕೊಂಡಿತು, ಬಾಲಮೂಳೆ ನೆಲದ ಕಡೆಗೆ ಇಳಿಯಿತು, ತೊಡೆಯ ಮುಂಭಾಗದಲ್ಲಿದ್ದ ಭಾರ ಇಡೀ ಅಂಗಾಲಿಗೆ ಹರಡಿತು. ಉರಿ ನಿಲ್ಲಲಿಲ್ಲ, ಆದರೆ ಅದು ಒಂದೇ ಜಾಗದಲ್ಲಿ ಕಟ್ಟಿಕೊಂಡಿರದೆ ಪೃಷ್ಠದವರೆಗೂ ಹಂಚಿಹೋಯಿತು. ಯಾಂಗ್ ಲುಚಾನ್‌ನ ಮೊಮ್ಮಗ ಯಾಂಗ್ ಚೆಂಗ್‌ಫು ಹೇಳಿದ ಹತ್ತು ಮುಖ್ಯಾಂಶಗಳಲ್ಲಿ ನೆತ್ತಿ ಎತ್ತುವುದು, ಎದೆ ಸಡಿಲಿಸಿ ಬೆನ್ನು ಅಗಲಿಸುವುದು, ಸೊಂಟ ಸಡಿಲಿಸುವುದು, ಭುಜ ಮತ್ತು ಮೊಣಕೈ ಇಳಿಸುವುದು ಮೊದಲ ಸಾಲಿನಲ್ಲೇ ಬರುತ್ತವೆ. ಅವನ್ನು ಓದಿದಾಗ ಬೇರೆಬೇರೆ ನಿಯಮಗಳಂತೆ ಕಾಣುತ್ತಿದ್ದವು. ಆ ಅಂಗಳದಲ್ಲಿ ಒಂದನ್ನು ಮುಟ್ಟಿದರೆ ಇನ್ನೊಂದು ಕದಲುವುದನ್ನು ಕಂಡ ಮೇಲೆ ಅವೆಲ್ಲ ಒಂದೇ ನಿಲುವಿನ ಬೇರೆಬೇರೆ ತುದಿಗಳೆಂದು ಮನವರಿಕೆಯಾಯಿತು.

ಈ ತೊಡೆಸಂದಿನ ಬಗ್ಗೆ ಇನ್ನಷ್ಟು ಹೇಳಲೇಬೇಕು. ಚೀನೀ ಭಾಷೆಯಲ್ಲಿ ‘ಕ್ವಾ’ ಎನ್ನುವ ಈ ಭಾಗ, ಅಂದರೆ ತೊಡೆಯ ಮೂಳೆ ಸೊಂಟದ ಗುಳಿಯಲ್ಲಿ ಕೂರುವ ಕೀಲು ಮತ್ತು ಅದರ ಸುತ್ತಲಿನ ಸ್ನಾಯುಗಳು, ಎಲ್ಲ ದಿಕ್ಕಿಗೂ ತಿರುಗಬಲ್ಲದು. ಮಂಡಿಯಾದರೋ ಮುಖ್ಯವಾಗಿ ಮಡಚಿ ಬಿಚ್ಚುವ ಕೀಲು. ಭಾರ ಹೊತ್ತಾಗ ತಿರುಚನ್ನು ಅದು ಸಹಿಸದು. ಸೊಂಟದ ಕೀಲು ಬಿಗಿದುಕೊಂಡಿರುವವರು ಮೈಯನ್ನು ಎಡಕ್ಕೋ ಬಲಕ್ಕೋ ತಿರುಗಿಸಿದಾಗ ಆ ತಿರುಗುವಿಕೆ ಮಂಡಿಗೆ ಇಳಿಯುತ್ತದೆ, ಮಂಡಿ ಒಳಕ್ಕೆ ವಾಲುತ್ತದೆ, ಅಲ್ಲಿಯ ಮೃದ್ವಸ್ಥಿ ಸವೆಯುತ್ತದೆ. ಆರೋಗ್ಯಕ್ಕೆಂದು ತೈಜಿ ಹಿಡಿದು ಮಂಡಿನೋವು ತಂದುಕೊಂಡವರನ್ನು ನಾನು ಶಾಂಘೈಯಲ್ಲಿ ಕಂಡಿದ್ದೇನೆ, ಮತ್ತು ಅದು ನನಗೆ ನಿಜಕ್ಕೂ ಸಂಕಟದ ವಿಷಯ. ಮಂಡಿ ಸದಾ ಕಾಲ್ಬೆರಳುಗಳ ದಿಕ್ಕಿಗೇ ನೋಡುತ್ತಿರಬೇಕು, ಬೆರಳತುದಿಯನ್ನು ದಾಟಿ ಮುಂದೆ ಚಾಚಬಾರದು ಎಂಬ ಎಚ್ಚರಿಕೆಯನ್ನು ಮೊದಲ ದಿನವೇ ಹೇಳದ ಶಿಕ್ಷಕರಿಂದ ದೂರವಿರುವುದು ಒಳಿತೆಂದು ನಾನು ಯಾರಿಗೂ ಸಂಕೋಚವಿಲ್ಲದೆ ಹೇಳುತ್ತೇನೆ. ಆ ಬೆಳಿಗ್ಗೆ ಗುರುಗಳು ಒಬ್ಬ ಯುವಕನ ಮಂಡಿಯನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದು, “ಈಗ ತಿರುಗಿ” ಎಂದರು. ಅವನಿಗೆ ತಿರುಗಲು ಆದದ್ದು ಅರ್ಧದಷ್ಟೇ. “ನಿಮ್ಮ ಸೊಂಟ ತಿರುಗುವುದು ಇಷ್ಟೇ. ಇದನ್ನು ಮೀರಿ ತಿರುಗುತ್ತಿದ್ದುದೆಲ್ಲ ಮಂಡಿ” ಎಂದು ತೋರಿಸಿಕೊಟ್ಟರು.

ಎರಡನೆಯ ಪಾಠ ಚಾನ್‌ಸಿ, ರೇಷ್ಮೆಯ ಎಳೆ ಬಿಚ್ಚುವಂತೆ ಬಲವನ್ನು ಸುರುಳಿಯಾಗಿ ಹೊರತರುವ ಅಭ್ಯಾಸ. ಶಿಡ್ಲಘಟ್ಟದ ಕಡೆಯಿಂದ ಬಂದ ನನಗೆ ಈ ಉಪಮೆ ಪುಸ್ತಕದ ಮಾತಲ್ಲ. ನಮ್ಮ ಬೀದಿಯಲ್ಲೇ ನೂಲು ಬಿಚ್ಚಾಣಿಕೆದಾರರ ಮನೆಗಳಿದ್ದವು. ಬಿಸಿನೀರಿನಲ್ಲಿ ತೇಲುವ ಗೂಡುಗಳಿಂದ ಕೂದಲಿಗಿಂತ ತೆಳುವಾದ ಎಳೆ ಚರಕಕ್ಕೆ ಹತ್ತುವುದನ್ನು ನೋಡುತ್ತ ಬೆಳೆದವರು ನಾವು. ಒಂದು ಒಳ್ಳೆಯ ಗೂಡಿನಲ್ಲಿ ಸಾವಿರ ಮೀಟರಿನವರೆಗೂ ಒಂದೇ ಎಳೆಯಿರುತ್ತದೆ. ಜಗ್ಗಿದರೆ ಅದು ತುಂಡಾಗುತ್ತದೆ, ಸಡಿಲ ಬಿಟ್ಟರೆ ಸಿಕ್ಕಾಗುತ್ತದೆ, ಎಳೆತದ ವೇಗ ಮೊದಲಿನಿಂದ ಕೊನೆಯವರೆಗೂ ಸಮವಾಗಿದ್ದರೆ ಮಾತ್ರ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಗುರುಗಳಿಗೆ ನಮ್ಮ ಊರಿನ ವೃತ್ತಿಯ ಬಗ್ಗೆ ಹೇಳಿದಾಗ ಅವರು ಬಹಳ ಸಂತೋಷಪಟ್ಟು, ಗೂಡನ್ನು ಎಷ್ಟು ಬೇಯಿಸುತ್ತೀರಿ, ತುಂಡಾದ ಎಳೆಯನ್ನು ಹೇಗೆ ಸೇರಿಸುತ್ತೀರಿ ಎಂದು ವಿಚಾರಿಸಿದರು.

ಅಭ್ಯಾಸ ನೋಡಲು ಸರಳ: ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈ ಮುಖದ ಮುಂದೆ ದೊಡ್ಡ ವೃತ್ತ ಬರೆಯುತ್ತದೆ, ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಸರಿಯುತ್ತದೆ. ಅದರೊಳಗಿನ ಕೆಲಸ ನೋಡಲು ಕಾಣುವಂಥದ್ದಲ್ಲ, ಆದ್ದರಿಂದ ಗುರುಗಳು ನನ್ನ ಒಂದು ಅಂಗೈಯನ್ನು ತಮ್ಮ ಕಿಬ್ಬೊಟ್ಟೆಯ ಮೇಲೂ ಇನ್ನೊಂದನ್ನು ಸೊಂಟದ ಹಿಂಭಾಗದಲ್ಲೂ ಇರಿಸಿಕೊಂಡು ವೃತ್ತ ಬರೆಯತೊಡಗಿದರು. ಮೊದಲು ಅವರ ಬಲತೊಡೆಯ ಸಂದು ಮಡಿಯಿತು. ಆಮೇಲೆ ನನ್ನ ಅಂಗೈಯ ಕೆಳಗೆ ಹೊಟ್ಟೆಯ ಗೋಡೆ ಬಲದಿಂದ ಎಡಕ್ಕೆ ಉರುಳಿತು, ಸೊಂಟದ ಹಿಂದೆ ಒಂದು ಪಕ್ಕ ತುಂಬಿ ಇನ್ನೊಂದು ಪಕ್ಕ ತಗ್ಗಿತು. ಆ ಚಲನೆ ಪಕ್ಕೆಲುಬಿಗೆ ಏರಿ, ಭುಜದ ಹಲಗೆಯನ್ನು ದಾಟಿ, ಮೊಣಕೈಯನ್ನು ತಿರುಗಿಸಿ, ಎಲ್ಲಕ್ಕಿಂತ ಕೊನೆಗೆ ಬೆರಳಿನ ತುದಿ ಕದಲಿತು. ಇಡೀ ವೃತ್ತದಲ್ಲಿ ಭುಜ ತಾನಾಗಿ ಮಾಡಿದ ಕೆಲಸ ಯಾವುದೂ ಇರಲಿಲ್ಲ. ಭುಜ–ಸೊಂಟದ ಕೀಲು, ಮೊಣಕೈ–ಮಂಡಿ, ಕೈ–ಪಾದ ಇವು ಜೋಡಿಜೋಡಿಯಾಗಿ ಒಟ್ಟಿಗೆ ಸಾಗಬೇಕೆಂಬ ‘ಹೊರಗಿನ ಮೂರು ಹೊಂದಾಣಿಕೆ’ಯ ತತ್ತ್ವ ನನಗೆ ಮೊದಲೇ ಬಾಯಿಪಾಠವಿತ್ತು. ಅದು ಜೀವಂತವಾಗಿ ನಡೆಯುವಾಗ ಹೇಗಿರುತ್ತದೆಂದು ನನ್ನ ಎರಡು ಅಂಗೈಗಳ ನಡುವೆ ಅಂದು ತಿಳಿಯಿತು.

ಕಾದಾಟದ ವಿದ್ಯೆಗಳನ್ನು, ಒಳಗಿನ ಶಕ್ತಿಗೆ ಒತ್ತು ಕೊಡುವ ‘ಒಳಗಿನವು’, ಸ್ನಾಯುಬಲಕ್ಕೆ ಒತ್ತು ಕೊಡುವ ‘ಹೊರಗಿನವು’ ಎಂದು ವಿಂಗಡಿಸುವ ರೂಢಿ ಹಳೆಯದು. ಹುವಾಂಗ್ ಝೊಂಗ್‌ಶಿ ಎಂಬ ವಿದ್ವಾಂಸ 1669ರಲ್ಲಿ ಬರೆದ ಸಮಾಧಿಲೇಖವೊಂದರಲ್ಲಿ ಶಾವೊಲಿನ್ ಪದ್ಧತಿಗೆ ಎದುರಾಗಿ ಒಳಪಂಥದ ಮಾತು ಬರುತ್ತದೆ. ಆ ಶಾವೊಲಿನ್ ಮಠವೂ ಇದೇ ಹೆನಾನ್ ಪ್ರಾಂತ್ಯದಲ್ಲಿ, ಹಳದಿ ನದಿಯ ದಕ್ಷಿಣಕ್ಕಿದೆ. ಈ ವಿಂಗಡಣೆಯನ್ನು ಹಿಡಿದುಕೊಂಡು ಮುಟ್ಟದೆಯೇ ಎದುರಾಳಿಯನ್ನು ಬೀಳಿಸುತ್ತೇವೆಂದು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಅವರಿಂದ ಈ ವಿದ್ಯೆಗೆ ಆಗಿರುವ ಹಾನಿ ದೊಡ್ಡದೆಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮ ಗುರುಗಳ ಬಾಯಲ್ಲಿ ಪ್ರಾಣಶಕ್ತಿಯ ಮಾತು ಬಂದದ್ದು ತೀರ ಅಪರೂಪಕ್ಕೆ. ಜೊತೆಯವರೊಬ್ಬರು ‘ಚೀ’ಯನ್ನು ಕಿಬ್ಬೊಟ್ಟೆಗೆ ಇಳಿಸುವುದು ಹೇಗೆಂದು ಕೇಳಿದಾಗ, “ಭುಜ ಇಳಿಯಲಿ, ಉಸಿರು ತಾನಾಗಿ ಇಳಿಯುತ್ತದೆ, ಉಸಿರು ಇಳಿದ ಮೇಲೆ ಮತ್ತೆ ಕೇಳಿ” ಎಂದರು.

ಮಧ್ಯಾಹ್ನದ ಊಟಕ್ಕೆ ಗೋಧಿಯ ನೂಡಲ್ಸ್ ಜೊತೆಗೆ, ವೆನ್ ಕೌಂಟಿಯ ಹೆಸರನ್ನು ಚೀನಾದಾದ್ಯಂತ ಹಬ್ಬಿಸಿರುವ, ಕಬ್ಬಿಣದ ಸಲಾಕೆಯಂತೆ ನೀಳವಾದ ಗೆಣಸನ್ನು ಬೇಯಿಸಿ ಬಡಿಸಿದರು.

ಊಟದ ನಂತರ ಇಬ್ಬಿಬ್ಬರಾಗಿ ಮುಂಗೈಗೆ ಮುಂಗೈ ಕೂಡಿಸಿ ತಳ್ಳುವ ತುಯ್‌ಶೌ. ಬೆಳಿಗ್ಗೆ ಕಟ್ಟಿದ ನಿಲುವು ನಿಜವೋ ಅಲ್ಲವೋ ಎಂಬುದಕ್ಕೆ ಇದೇ ಪರೀಕ್ಷೆ. ಗುರುಗಳು ಒಂದು ಮುಂಗೈಯನ್ನು ಎದೆಯ ಮುಂದೆ ದುಂಡಗೆ ಹಿಡಿದು, ಎರಡೂ ಕೈಯಿಂದ ತಳ್ಳಲು ನನಗೆ ಹೇಳಿದರು. ಅವರ ತೋಳು ಗಟ್ಟಿಯಾಗಿರಲಿಲ್ಲ. ಬೆರಳಿನಿಂದ ಒತ್ತಿದರೆ ಸ್ನಾಯು ಮೃದುವಾಗಿಯೇ ಇತ್ತು. ನಾನು ತಳ್ಳಿದ ಬಲ ಅವರ ತೋಳಿನಲ್ಲಿ ನಿಲ್ಲದೆ ಬೆನ್ನಿಗೆ ಸರಿದು, ಹಿಂಗಾಲಿನ ಹಿಮ್ಮಡಿಯ ಮೂಲಕ ನೆಲಕ್ಕೆ ಹೋಯಿತು. ಇನ್ನಷ್ಟು ಒತ್ತಿದೆ, ಏಳತೊಡಗಿದ್ದು ನನ್ನ ಹಿಮ್ಮಡಿಗಳೇ. ಇದರಲ್ಲಿ ಗುಟ್ಟೇನೂ ಇಲ್ಲ. ಮೂಳೆಗಳು ಒಂದರ ಮೇಲೊಂದು ಸರಿಯಾದ ಕೋನದಲ್ಲಿ ಕೂತಿದ್ದು, ನಡುವೆ ಯಾವ ಕೀಲೂ ಬಿಗಿದುಕೊಂಡಿರದಿದ್ದರೆ ತಳ್ಳಿದ ಬಲಕ್ಕೆ ನೆಲವೇ ಉತ್ತರ ಕೊಡುತ್ತದೆ. ಒಂದು ಕೀಲು ಬಿಗಿದರೂ ಬಲ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಆ ಜಾಗವನ್ನು ಹಿಡಿದು ಎದುರಾಳಿ ಇಡೀ ಮೈಯನ್ನು ಕದಲಿಸುತ್ತಾನೆ. ಅವರು ನನ್ನ ಭುಜವನ್ನು ಒಂದೇ ಕೈಯಿಂದ ಹುಡುಕಿ ಹಿಡಿದದ್ದೂ, ನಾನು ಎರಡು ಹೆಜ್ಜೆ ಹಿಂದೆ ಸರಿದದ್ದೂ ಹಾಗೆಯೇ. ಆಮೇಲೆ ಅದೇ ತಳ್ಳುವಿಕೆಯನ್ನು ಬಹು ನಿಧಾನವಾಗಿ ಮಾಡಿ, ಬಲ ಬಂದು ಮುಟ್ಟುವ ಹೊತ್ತಿಗೆ ನಾನು ತೊಡೆಸಂದನ್ನು ಮಡಿಸುವಂತೆ ಹೇಳಿಕೊಟ್ಟರು. ಮಡಿಸಿದಾಗ ಅವರ ಕೈಯ ಒತ್ತಡ ನನ್ನ ಅಂಗಾಲಿನಲ್ಲಿ ಸ್ಪಷ್ಟವಾಗಿ ಗೊತ್ತಾಯಿತು. ಆ ಕ್ಷಣದ ಸಂತೋಷವನ್ನು ಎಷ್ಟು ಹೇಳಿದರೂ ಕಡಿಮೆಯೇ.

ಸಂಜೆಗೆ ಉದ್ದನೆಯ ಕೋಲು. ಬಿಳಿ ಮೇಣದ ಮರ ಎನ್ನುವ ಜಾತಿಯ ಮರದ, ಮೂರು ಮೀಟರಿಗೂ ಹೆಚ್ಚು ಉದ್ದದ, ಬುಡದಲ್ಲಿ ದಪ್ಪವಾಗಿ ತುದಿಯಲ್ಲಿ ಸಣ್ಣಗಾಗುವ ಈ ಕೋಲು ಬಾಗುತ್ತದೆ, ಮುರಿಯುವುದಿಲ್ಲ. ಬುಡವನ್ನು ಸೊಂಟದ ಬಳಿ ಹಿಡಿದು ಒಮ್ಮೆ ಮೈ ಅದುರಿಸಿದಾಗ ಅದುರು ತುದಿಯವರೆಗೂ ಹೋಗಬೇಕು. ತೋಳಿನ ಬಲದಿಂದ ಅಲುಗಿಸಿದರೆ ಕೋಲಿನ ನಡುಭಾಗ ಮಾತ್ರ ತೂಗಾಡಿ ತುದಿ ಸುಮ್ಮನಿರುತ್ತದೆ. ಕಾಲಿನಿಂದ ಎದ್ದ ಬಲ ಸೊಂಟದ ಮೂಲಕ ಬಂದಿದ್ದರೆ ತುದಿ ಚಟ್ಟನೆ ನಡುಗಿ ಗಾಳಿಯಲ್ಲಿ ಸದ್ದಾಗುತ್ತದೆ. ನಿಲ್ಲುವುದು, ಎಳೆ ಬಿಚ್ಚುವುದು, ತಳ್ಳುವುದು ಮೂರರಲ್ಲೂ ಕಲಿತದ್ದನ್ನು ಒಂದೇ ಕ್ಷಣಕ್ಕೆ ತರುವ ಅಭ್ಯಾಸ ಇದು. ಗುರುಗಳ ಕೋಲಿನ ತುದಿ ಪ್ರತಿ ಸಲವೂ ನಡುಗಿತು. ನಮ್ಮಲ್ಲಿ ಮೂರು ಚಳಿಗಾಲ ಅಲ್ಲೇ ಕಳೆದಿದ್ದ ಝೆಂಗ್‌ಝೌನ ಯುವತಿಯೊಬ್ಬರದು ಹೆಚ್ಚಿನ ಸಲ ನಡುಗಿತು.

ಹೊರಡುವಾಗ ಗುರುಗಳು ಹೊಸ ವರಸೆ ಯಾವುದನ್ನೂ ಕೊಡಲಿಲ್ಲ. ಬೆಳಿಗ್ಗೆ ಅರ್ಧ ಗಂಟೆ ನಿಲ್ಲಬೇಕು, ಒಂದೊಂದು ಕೈಯಲ್ಲಿ ಚಾನ್‌ಸಿ ಮಾಡಬೇಕು, ವರಸೆಯಲ್ಲಿ ಮೊದಲ ಐದು ಭಂಗಿಗಳನ್ನು ಮಾತ್ರ ಮಾಡಬೇಕು, ವಸಂತ ಬರುವವರೆಗೆ ಬೇರೇನೂ ಬೇಡ ಎಂದರು. ತಿಂಗಳಿಗೊಮ್ಮೆ ವಿಚಾಟ್‌ನಲ್ಲಿ ವಿಡಿಯೊ ಕಳುಹಿಸಲು ಹೇಳಿದರು. ಅವರ ಉತ್ತರಗಳು ಸಾಮಾನ್ಯವಾಗಿ ಎರಡು ಸಾಲಿನವು. ಹೋದ ತಿಂಗಳಿನದು ಹೀಗಿತ್ತು: ಬಲಗಡೆ ತೆರೆದಿದೆ, ಎಡ ತೊಡೆಸಂದು ಇನ್ನೂ ಮುಚ್ಚಿದೆ, ಆದ್ದರಿಂದ ಎಡಕ್ಕೆ ಭಾರ ಸರಿಸುವಾಗ ಮಂಡಿ ಒಳಕ್ಕೆ ಬರುತ್ತಿದೆ, ವೃತ್ತವನ್ನು ಚಿಕ್ಕದು ಮಾಡಿ, ಕೋಲು ಕೊಳ್ಳುವ ಯೋಚನೆ ಸದ್ಯಕ್ಕೆ ಬೇಡ.