ಬಟ್ ನಂಬರ್ ನಂಬಿ ಕೆಟ್ಟ ಲೆಕ್ಕ

ದಾವಣಗೆರೆಯ ಡಿಎಆರ್ (ಪೊಲೀಸರ ಜಿಲ್ಲಾ ಸಶಸ್ತ್ರ ಮೀಸಲು ಪಡೆ) ಇರಲಿ, ಚಿತ್ರದುರ್ಗದ್ದಿರಲಿ, ಆಯುಧ ಇಡೋ ಕೋಣೆ ಅಂದರೆ ಕೋತ್‌ನಲ್ಲಿ ಬಂದೂಕು ಎಣಿಸೋದು ಕಷ್ಟದ ಕೆಲಸವಲ್ಲ. ರ‍್ಯಾಕ್‌ನಲ್ಲಿ ಇಷ್ಟು, ಖಜಾನೆ ಗಾರ್ಡಿಗೆ ಇಷ್ಟು, ಕೈದಿ ಬೆಂಗಾವಲಿಗೆ ಹೋದದ್ದು ಇಷ್ಟು, ಕೂಡಿದರೆ ಸ್ಟಾಕ್ ಬುಕ್ಕಿನ ಮೊತ್ತ ಬಂದುಬಿಡುತ್ತೆ. ನಂಬರ್ ಓದದೆ ಹೀಗೆ ತಲೆ ಎಣಿಸಿ ಸಹಿ ಹಾಕಿ ಚಾರ್ಜ್ ತಗೊಂಡವರೇ ಆಮೇಲೆ ಸಿಕ್ಕಿಬೀಳೋದು.

ಬಂದೂಕಿಗೆ ಎರಡು ನಂಬರ್. ಹೆಗಲಿಗೆ ಆನಿಸೋ ಹಿಂಬದಿ, ಅಂದರೆ ಬಟ್ ಮೇಲೆ ಬಣ್ಣದಲ್ಲಿ ಬರೆದ ಬಟ್ ನಂಬರ್, ಲೋಹದಲ್ಲಿ ಕೊರೆದ ಬಾಡಿ ನಂಬರ್. ದಿನದ ವ್ಯವಹಾರಕ್ಕೆ ಬಟ್ ನಂಬರ್ ಸಲೀಸು, "ಹದಿನೇಳು ಕೊಡ್ರಿ" ಅಂದರೆ ಮುಗೀತು. ಆದರೆ ಒಡೆದ ಬಟ್ ಬದಲಾಯಿಸಿದ ದಿನವೇ ಆ ಹದಿನೇಳು ಬೇರೆ ಬಂದೂಕಿಗೆ ಹೋಗಿರಬಹುದು. ಚಾರ್ಜ್ ಪಟ್ಟಿಯಲ್ಲಿ ಬಾಡಿ ನಂಬರೇ ಇರಬೇಕು, ಅಂಕಿಗಿಂತ ಮೊದಲು ಬರೋ ಅಕ್ಷರವನ್ನೂ ಬಿಡದೆ.

ತ್ರೀ ನಾಟ್ ತ್ರೀ (.303) ರೈಫಲ್ಲಿನಲ್ಲಿ ಇನ್ನೊಂದು ತೊಡಕು. ಅದರ ನಂಬರ್ 4 ಮಾದರಿಯ ಎಡಮಗ್ಗುಲಲ್ಲಿ, ಬಟ್ ಸೇರುವ ಜಾಗದಲ್ಲಿ ಬಾಡಿ ನಂಬರ್ ಇರುತ್ತೆ. ಗುಂಡನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚೋ ಬೋಲ್ಟಿನ ಹಿಡಿಯ ಬುಡದಲ್ಲೂ ಅದೇ ನಂಬರ್ ಇರಬೇಕು. ಹತ್ತು ಬೋಲ್ಟ್ ಒಂದೇ ಟ್ರೇಯಲ್ಲಿ ಹಾಕಿ ತೊಳೆದರೆ ಅದಲು ಬದಲು ಆಗದೇ ಇರೋದೇ ಆಶ್ಚರ್ಯ. ಬೇರೆ ಬೋಲ್ಟೂ ಕೂರುತ್ತೆ, ಗುಂಡೂ ಹಾರುತ್ತೆ, ಆದರೆ ಬೋಲ್ಟಿಗೂ ಕಾಡತೂಸಿಗೂ ನಡುವಿನ ಅಂತರ ಹೆಚ್ಚಿದ್ದರೆ ಕಾಡತೂಸಿನ ಹಿತ್ತಾಳೆ ಕೋಶ, ಅಂದರೆ ಕೇಸ್, ಸೀಳಬಹುದು.

ತಾಳೆ ನೋಡುವಾಗ ಒಬ್ಬರು ಬುಕ್ ಓದಿ ಇನ್ನೊಬ್ಬರು "ಹೂಂ, ಐತಿ" ಅನ್ನೋ ರೂಢಿ ಬಿಡಿ. ಒಬ್ಬರು ಲೋಹದ ಮೇಲಿನದನ್ನು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಖಾಲಿ ಹಾಳೆಯಲ್ಲಿ ಬರೆಯಲಿ, ಬುಕ್ ಆಮೇಲೆ ತೆರೆಯಲಿ.

ಗುಂಡಿನ ಲೆಕ್ಕ ಫೈರಿಂಗ್ ದಿನವೇ ಮುಗಿಸಬೇಕು. 40 ಜನಕ್ಕೆ ತಲಾ 10, ಒಟ್ಟು 400. ಹಾರಿದ್ದು 394, ಉಳಿದದ್ದು 4, ಕುದುರೆ ಎಳೆದರೂ ಹಾರದ ಮಿಸ್‌ಫೈರ್ 2. ಅಂದರೆ ಖಾಲಿ ಕೇಸ್ 394 ಬರಬೇಕು. ಮಿಸ್‌ಫೈರ್ ಖಾಲಿಗೆ ಸೇರಲ್ಲ, ಜೀವಂತ ಗುಂಡು ಅಂತಲೇ ಬೇರೆ ಇಡಬೇಕು. ಎಸ್‌ಎಲ್‌ಆರ್ ರೈಫಲ್ ಖಾಲಿ ಕೇಸನ್ನು ಬಲಕ್ಕೆ ದೂರ ಎಸೆಯುತ್ತೆ. ನಮ್ಮ ಎರೆ ನೆಲದಲ್ಲಿ ಒಂದು ಮಳೆ ಬಿದ್ದಿದ್ದರೆ ಬೂಟಿನಡಿ ಸಿಕ್ಕ ಹಿತ್ತಾಳೆ ಅಲ್ಲೇ ಹೂತುಹೋಗುತ್ತೆ. ಬಲಕ್ಕೆ ಟಾರ್ಪಾಲಿನ್ ಹಾಸಿ. ಕೇಸ್ ಮೂರು ಕಮ್ಮಿ ಬಿದ್ದರೆ ಹಳೇ ಕೇಸಿನಿಂದ ತುಂಬಿಸೋ ಚಾಲಾಕಿತನ ಬೇಡ, ಬುಡದಲ್ಲಿರೋ ಕಾರ್ಖಾನೆ ಗುರುತು, ಇಸವಿ ನೋಡಿದರೆ ಬಯಲಾಗುತ್ತೆ.

2020ರ ಸಿಎಜಿ ವರದಿ ಕೇರಳದಲ್ಲಿ ಎಬ್ಬಿಸಿದ ಗದ್ದಲ ನೆನಪಿರಬಹುದು. ತಿರುವನಂತಪುರದ ಸಶಸ್ತ್ರ ಪಡೆಯಲ್ಲಿ 25 ಇನ್ಸಾಸ್ ರೈಫಲ್, 12,061 ಕಾಡತೂಸು ಕಾಣೆ ಅಂದಿತ್ತು. ರೈಫಲ್ ಕಳೆದಿಲ್ಲ, ಇನ್ನೊಂದು ಕ್ಯಾಂಪಿಗೆ ಹೋಗಿವೆ, ದಾಖಲೆಯದೇ ತಪ್ಪು ಅನ್ನೋದು ಅಲ್ಲಿಯವರ ಉತ್ತರ. ಚಿತ್ರದುರ್ಗದ ಮಹಾಗಣಪತಿ ಶೋಭಾಯಾತ್ರೆಯಂಥ ಬಂದೋಬಸ್ತಿಗೆ ಆಯುಧ ಹೊರಡುವಾಗಲೂ ಇಂಥ ತಪ್ಪಿಗೆ ದಾರಿ ಇದ್ದೇ ಇದೆ. ಚೀಟಿಯಲ್ಲಿ ಬಾಡಿ ನಂಬರ್, ಗುಂಡು, ಮರಳಿ ಬರೋ ದಿನ, ಎರಡೂ ಕಡೆಯ ಸಹಿ ಇರಲಿ. ಮ್ಯಾಗಜಿನ್ (ಗುಂಡು ತುಂಬೋ ಡಬ್ಬಿ) ಎಷ್ಟು ಅಂತ ಬರೆಯೋದನ್ನು ಮರೆಯುವವರೇ ಜಾಸ್ತಿ.

ಆಯುಧ ಪೂಜೆ ದಿನ ಕೋತ್‌ನದೆಲ್ಲ ಹೊರಗೆ ಸಾಲಾಗಿ ಬಂದಿರುತ್ತೆ, ನಂಬರ್ ಓದೋಕೆ ಒಳ್ಳೇ ಸಮಯ. ಕುಂಕುಮ ಹಚ್ಚೋ ಮುಂಚೆಯೇ ಓದಿ ಮುಗಿಸಿ. ಕೊರೆದ ಗೀರಿನಲ್ಲಿ ಎಣ್ಣೆ ಕುಂಕುಮ ಕೂತ ಮೇಲೆ 3 ಯಾವುದು, 8 ಯಾವುದು ಗೊತ್ತಾಗಲ್ಲ.