ಬಚ್ಚಲ ಬಾಗಿಲಿನ ಚಪ್ಪಲಿಗಳು

ಬಚ್ಚಲುಮನೆಯ ಬಾಗಿಲಲ್ಲಿ ಮೂರು ಜೊತೆ ಹವಾಯಿ ಚಪ್ಪಲಿ. ಅಜ್ಜಮ್ಮನದು, ಸೊಸೆಯದು, ಇನ್ನೊಂದು ನಾಲ್ಕು ವರ್ಷದ ಮೊಮ್ಮಗಳದು. ನಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತದೆ ಅಂತ ಒಂದು ತಿಂಗಳಿಂದ ಅವರೆಲ್ಲ ಚಪ್ಪಲಿ ಮೆಟ್ಟಿಕೊಂಡೇ ಸ್ನಾನ ಮಾಡುತ್ತಿದ್ದರು.

"ಮಳೆಗಾಲ ಅಲ್ವಾ, ಗೋಡೆ ಥಂಡಿ ಹಿಡಿದು ಹಿಂಗಾಗ್ತದೆ ಅಂತ ಸುಮ್ನಿದ್ವಿ ಮಾರಾಯಾ" ಅಂದರು ಅಜ್ಜಮ್ಮ. ನನ್ನ ಕೈ ತಣ್ಣಗಾಯಿತು. ಮೊದಲು ಹೋಗಿ ಮೇನ್ ಇಳಿಸಿದೆ.

ಗುಡ್ಡೇಕೇರಿಯ ಹತ್ತಿರ, ಆಗುಂಬೆ ರಸ್ತೆಯಿಂದ ಒಳಗಿನ ಮನೆ ಅದು. ಬೆಂಗಳೂರಿನಲ್ಲಿ ಒಂಬತ್ತು ವರ್ಷ ಸಬ್‌ಸ್ಟೇಷನ್ ಡ್ರಾಯಿಂಗ್ ಮಾಡಿ, ಕೆಲಸ ಬಿಟ್ಟು ಶಿವಮೊಗ್ಗಕ್ಕೆ ಬಂದು, ವಿದ್ಯುತ್ ಪರಿವೀಕ್ಷಣಾಲಯದಿಂದ ಗುತ್ತಿಗೆದಾರರ ಲೈಸೆನ್ಸ್ ಪಡೆದು ಆಗಿನ್ನೂ ಆರು ತಿಂಗಳು. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗ್‌ನ ಗುರುತನ್ನು, ಅಂದರೆ ಒಂದು ಉದ್ದ ಗೀಟು, ಕೆಳಗೆ ಕಿರಿದಾಗುತ್ತ ಹೋಗುವ ಮೂರು ಅಡ್ಡಗೀಟು, ಸಾವಿರ ಸಲವಾದರೂ ಎಳೆದಿದ್ದೆ. ಆ ಗೀಟುಗಳ ಕೆಳಗೆ ಇರುವ ಮಣ್ಣಿಗೆ ಕೈ ಹಾಕಿದ್ದು ಈ ಕೆಲಸಕ್ಕೆ ಬಂದ ಮೇಲೆಯೇ.

ಗೀಸರ್‌ನ ಕಾಯಿಲ್ ಒಡೆದು ಕರೆಂಟ್ ನೀರಿಗೆ ಇಳಿಯುತ್ತಿತ್ತು. ಅದು ಹರಿದುಹೋಗಬೇಕಾದ ಅರ್ಥ್ ವೈರು ಮನೆ ಹಿಂದಿನ ಗುಂಡಿಯ ಹತ್ತಿರ ಕ್ಲಾಂಪಿನಲ್ಲೇ ತುಂಡಾಗಿತ್ತು. ಮುಟ್ಟಿದರೆ ಹಸಿರು ಪುಡಿ ಉದುರಿತು. ಗುಂಡಿಯೊಳಗೆ ಹೂತಿದ್ದ ಅರ್ಥ್ ಪೈಪು ತುಕ್ಕು ತಿಂದು ಹುಡಿಯಾಗಿತ್ತು.

ಹೊಸ ಗುಂಡಿ ತೋಡಿಸಿದೆ. ಮೂರಡಿಗೆ ಜಂಬಿಟ್ಟಿಗೆ ಸಿಕ್ಕಿತು, ಹಾರೆ ಹಿಡಿದವರಿಗೆ ಅರ್ಧ ದಿನ ಅಲ್ಲೇ ಹೋಯಿತು. ಸತುವಿನ ಲೇಪದ ಕಬ್ಬಿಣದ (ಜಿಐ) ಪೈಪು ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿದೆವು. ಗೀಸರ್ ಬದಲಾಯಿಸಿ, ಬೋರ್ಡಿಗೆ 30 ಮಿಲಿಆಂಪಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ಚು, ಕೂರಿಸಿದೆ. ಅದರ ಟೆಸ್ಟ್ ಬಟನ್ ಒತ್ತಿದೊಡನೆ ಟಪ್ ಎಂದು ಮನೆಯೆಲ್ಲ ಕತ್ತಲು. ಮೊಮ್ಮಗಳು ಚಪ್ಪಾಳೆ ತಟ್ಟಿದಳು.

ಅರ್ಥ್ ಟೆಸ್ಟರ್ 4 ಓಮ್ ತೋರಿಸಿತು. ಈ ನಂಬರು ಕಡಿಮೆಯಿದ್ದಷ್ಟೂ ಕರೆಂಟ್ ಸಲೀಸಾಗಿ ಮಣ್ಣಿಗೆ ಇಳಿಯುತ್ತದೆ. ಅಷ್ಟಕ್ಕೆ ರಿಪೋರ್ಟಿಗೆ ಸಹಿ ಹಾಕಿ ಹೊರಡಬಹುದಿತ್ತು. ಆದರೆ ಅದು ಮಳೆ ಕೊಟ್ಟ ನಂಬರು. ಜಂಬಿಟ್ಟಿಗೆ ನೀರು ಹಿಡಿದಿಟ್ಟುಕೊಳ್ಳುವ ನೆಲವಲ್ಲ, ಬೇಸಿಗೆಗೆ ಒಣಗಿ ಕಲ್ಲಾಗುತ್ತದೆ. "ಮಾರ್ಚಲ್ಲಿ ಮತ್ತೆ ಬರ್ತೀನಿ ಅಜ್ಜಮ್ಮ, ಅದಕ್ಕೆ ದುಡ್ಡು ಬೇಡ" ಅಂದೆ.

ಮಾರ್ಚಿನಲ್ಲಿ ಅದೇ ಗುಂಡಿ 19 ತೋರಿಸಿತು. ಆರ್‌ಸಿಸಿಬಿ ಕೆಲಸ ಮಾಡಲು ಅಷ್ಟು ಸಾಕು, ನನಗೆ ಸಾಕೆನಿಸಲಿಲ್ಲ. ಮನೆಯ ಸುತ್ತ ನಡೆದು ನೋಡಿದೆ. ಬಚ್ಚಲ ನೀರು ಹೋಗಿ ಬೀಳುವ ಬಾಳೆ ಬುಡದಲ್ಲಿ ಮಣ್ಣು ಆಗಲೂ ಕಪ್ಪಗೆ, ಮೆತ್ತಗಿತ್ತು. ಎರಡನೇ ಗುಂಡಿ ಅಲ್ಲೇ ತೋಡಿಸಿ ಎರಡನ್ನೂ ಸೇರಿಸಿದೆ. 5ಕ್ಕೆ ಬಂತು.

"ಹಂಗಾರೆ ಈ ಬಾಳೆ ಕಡಿಬಾರ್ದು?" ಕೇಳಿದರು ಅಜ್ಜಮ್ಮ.

"ಬಾಳೆ ಕಡಿದ್ರೂ ತೊಂದ್ರೆ ಇಲ್ಲ. ನೀರು ಮಾತ್ರ ಬೇರೆ ಕಡೆ ತಿರುಗಿಸ್ಬೇಡಿ."

ಅವರು ಬರಿಗಾಲಲ್ಲಿ ಬಚ್ಚಲಿಗೆ ಹೋಗಿ, ಒಂದು ಚೊಂಬು ನೀರು ಹೊಯ್ದು, ಅದು ಎಲ್ಲಿ ಹರಿಯುತ್ತದೆಂದು ಕಿಟಕಿಯಲ್ಲಿ ಬಗ್ಗಿ ನೋಡಿದರು.